ನಿಯಮಗಿರಿಯ ತಪ್ಪಲಲ್ಲಿ

ಬುಧವಾರ ಚಟಿಕೋನಾದಲ್ಲಿ ಸಂತೆ. ಬಿಸಿಲೇರುವ ಮೊದಲೇ ಡೊಂಗ್ರಿಯಾ ಕೊಂಧ ಬುಡಕಟ್ಟಿನ ಹೆಂಗಸರು ಸಾಲಾಗಿ ಬೆಟ್ಟ ಇಳಿದು ಬರುತ್ತಾರೆ. ತಲೆ ಮೇಲಿನ ಬುಟ್ಟಿಯಲ್ಲಿ ಅನಾನಸು, ಹಲಸು. ಮೂಗಿನಲ್ಲಿ ಮೂರು ನತ್ತು, ತಲೆತುಂಬ ಕ್ಲಿಪ್ಪು, ಹೆಗಲ ಮೇಲೆ ತಾವೇ ಕಸೂತಿ ಹಾಕಿದ ಶಾಲು. ಒಬ್ಬಾಕೆಯ ಶಾಲನ್ನು ಹತ್ತಿರದಿಂದ ನೋಡಿದೆ. ಅಂಚಿನುದ್ದಕ್ಕೂ ಕೆಂಪು, ಹಳದಿ, ಹಸಿರು ದಾರದ ಪುಟ್ಟ ತ್ರಿಕೋನಗಳು. ಅವು ಬೆಟ್ಟಗಳಂತೆ. ಅವರ ದೈವ ನಿಯಮರಾಜ ಇರುವುದೂ ಬೆಟ್ಟದ ನೆತ್ತಿಯಲ್ಲೇ.

ವಿಜಯನಗರಂನಲ್ಲಿ ರೈಲು ಬದಲಿಸಿ, ರಾಯಗಡ ದಾಟಿ ಒಡಿಶಾದ ಈ ಮೂಲೆಗೆ ಬಂದದ್ದು ಆ ಬೆಟ್ಟ, ನಿಯಮಗಿರಿಯನ್ನು ನೋಡಲಿಕ್ಕೆ. ಅದರ ನೆತ್ತಿಯಲ್ಲಿ ಏಳು ಕೋಟಿ ಟನ್ನಿಗೂ ಹೆಚ್ಚು ಬಾಕ್ಸೈಟ್, ಅಂದರೆ ಅಲ್ಯುಮಿನಿಯಂ ಅದಿರು, ಇದೆ. ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲೂ ತೊರೆಗಳಿಗೆ ಬಿಡುವುದು ಅದೇ ಪದರ. ವಂಶಧಾರಾ ನದಿ ಹುಟ್ಟುವುದೂ ಈ ಬೆಟ್ಟಸಾಲಿನಲ್ಲೇ.

ಇನ್ನೊಂದು ಮಗ್ಗುಲಿನ ಲಾಂಜಿಗಢದಲ್ಲಿ ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವ ವೇದಾಂತ ಕಂಪನಿಯ ಕಾರ್ಖಾನೆ ನಿಂತಿದೆ. ಈ ಬೆಟ್ಟದಲ್ಲಿ ಗಣಿಗೆ ಅನುಮತಿ ಸಿಗುವ ಮುಂಚೆಯೇ ಅದನ್ನು ಕಟ್ಟಿಬಿಟ್ಟಿದ್ದರು. ನನ್ನನ್ನು ಬಹಳ ಕಾಡಿದ್ದು ಇದೇ. ಸಾವಿರಾರು ಕೋಟಿ ಸುರಿದ ಮೇಲೆ ಊರವರ ಮುಂದೆ ಬಂದು ಒಪ್ಪಿಗೆಯೇ ಎಂದು ಕೇಳಿದರೆ, ಒಲ್ಲೆ ಎನ್ನಲು ಅವರಿಗೆ ಜಾಗವೆಲ್ಲಿ?

ಆದರೂ ಅವರು ಒಲ್ಲೆ ಎಂದರು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, 2006ರ ಅರಣ್ಯ ಹಕ್ಕು ಕಾಯ್ದೆಯ ಆಧಾರದಲ್ಲಿ, ಈ ಜನರ ಹಕ್ಕುಗಳಿಗೆ, ನಿಯಮರಾಜನ ಪೂಜೆಗೆ ಗಣಿಯಿಂದ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದಿತು. ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಊರುಗಳಿದ್ದರೂ ರಾಜ್ಯ ಸರ್ಕಾರ ಆರಿಸಿದ್ದು 12 ಮಾತ್ರ. ಅದು ಅನ್ಯಾಯವೇ. ಜುಲೈ 18ರಂದು ಸೆರ್ಕಪಾಡಿಯಲ್ಲಿ ಸಭೆ ಶುರುವಾಯಿತು. ಮಳೆಗಾಲ, ಸುತ್ತ ಪೊಲೀಸರು, ವೀಕ್ಷಕರಾಗಿ ಜಿಲ್ಲಾ ನ್ಯಾಯಾಧೀಶರು. ಜನ ಒಬ್ಬೊಬ್ಬರಾಗಿ ಎದ್ದು ಹೇಳಿದರು. ಆಗಸ್ಟ್ 19ರಂದು ಜರಪಾದಲ್ಲಿ ಕೊನೆಯ ಸಭೆ ಮುಗಿದಾಗ 12ಕ್ಕೆ 12 ಊರೂ ಗಣಿ ಬೇಡವೆಂದಿದ್ದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಯೋಜನೆಯನ್ನು ತಿರಸ್ಕರಿಸಿತು.

ಮೇಲೆ ಹತ್ತುವಾಗ ಜತೆಗೆ ಬಂದ ಶಿಕ್ಷಕರು ಜನರ ಕುವಿ ಮಾತನ್ನು ನನಗೆ ಹಿಂದಿಯಲ್ಲಿ ಹೇಳುತ್ತಿದ್ದರು. ತೊರೆಯೊಂದರ ಬಳಿ ಅಜ್ಜಿಯೊಬ್ಬರು ಕೊಡ ತುಂಬಿಸುತ್ತಿದ್ದರು. ಸಭೆಯ ದಿನ ನೆನಪಿದೆಯೇ ಎಂದು ಕೇಳಿಸಿದೆ. ನೆನಪಿದೆ ಎಂದರು. ಮತ್ತೆ ಕೇಳಲು ಬರುತ್ತಾರೇನೋ ಎಂಬ ಅನುಮಾನ ಮಾತ್ರ ಅವರಿಗೆ ಹೋಗಿಲ್ಲ. ಅದು ಬರಿಯ ಅನುಮಾನವೂ ಅಲ್ಲ. ಹೊಸದಾಗಿ ಗ್ರಾಮಸಭೆ ನಡೆಸಬೇಕೆಂದು ಒಡಿಶಾದ ಗಣಿ ನಿಗಮ ಕೋರ್ಟಿಗೆ ಹೋಗಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದದ್ದೂ ಇದೇ ಕಾಯ್ದೆಯಡಿ. ಆದರೆ 2022ರ ಅರಣ್ಯ ಸಂರಕ್ಷಣಾ ನಿಯಮಗಳು ಬಂದ ಮೇಲೆ, ಕೇಂದ್ರ ಮೊದಲು ಅನುಮತಿ ಕೊಟ್ಟು, ಹಕ್ಕುಗಳ ವಿಷಯವನ್ನು ಆಮೇಲೆ ರಾಜ್ಯ ನೋಡಿಕೊಳ್ಳಬಹುದು. ಲಾಂಜಿಗಢದ ಕ್ರಮವೇ ಈಗ ಕಾನೂನಾದ ಹಾಗಾಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಸಿಜಿಮಾಳಿಯದೇ ಮಾತು. ಇದೇ ಜಿಲ್ಲೆಯ ಅಂಚಿನ ಬೆಟ್ಟ, ಅಲ್ಲೂ ಬಾಕ್ಸೈಟ್. 2023ರ ಡಿಸೆಂಬರಿನಲ್ಲಿ ಗ್ರಾಮಸಭೆಗಳು ಒಪ್ಪಿಗೆ ಕೊಟ್ಟವೆಂದು ದಾಖಲೆ ಹೇಳುತ್ತದೆ; ಅಂಥ ಸಭೆ ನಡೆದೇ ಇಲ್ಲ, ಸಹಿಗಳು ನಕಲಿ ಎಂಬುದು ಊರವರ ದೂರು. ಹಾಗಿದ್ದರೆ ನ್ಯಾಯಾಧೀಶರನ್ನು ಕೂರಿಸಿ, ಜರಪಾದಲ್ಲಿ ಕೇಳಿದ ಹಾಗೆ ಅಲ್ಲೂ ಮತ್ತೊಮ್ಮೆ ಕೇಳಲಿ, ಈ ಸಲ ಒಂದು ಊರನ್ನೂ ಬಿಡದೆ.