ಬಾಣದ ಗುರುತಿಲ್ಲದ ಆಟ

ಎಲ್ಡರ್ ಸ್ಕ್ರೋಲ್ಸ್ ಅನ್ನೋ ವಿಡಿಯೋ ಗೇಮ್ ಸರಣಿ ಆಡು ಅಂತ ಅಕ್ಕನ ಮಗ ದುಂಬಾಲು ಬಿದ್ದಿದ್ದಾನೆ. ಮೊದಲ ಆಟ ಬಂದಿದ್ದೇ 1994ರಲ್ಲಿ. ಇಷ್ಟು ವರ್ಷದ ಬಾಕಿ ಈಗ ಎಲ್ಲಿಂದ ತೀರಿಸಲಿ ಅಂದೆ. "ಅಯ್ಯೋ ಮಾವ, ಮೊದಲಿಂದ ಆಡ್ಬೇಕು ಅಂತೇನಿಲ್ಲ" ಅಂದ. ನಿಜವೇ. 2006ರ ಆಬ್ಲಿವಿಯನ್ ಕಥೆಗೂ 2011ರ ಸ್ಕೈರಿಮ್ ಕಥೆಗೂ ನಡುವೆ 200 ವರ್ಷ. ನಾಯಕನೂ ಬೇರೆ, ಸೀಮೆಯೂ ಬೇರೆ. ಮಳೆಗಾಲದಲ್ಲಿ ಮುಂಬೈಗೆ ಬರುವ ಯಕ್ಷಗಾನದ ಹಾಗೆ, ಯಾವ ಪ್ರಸಂಗಕ್ಕೆ ಬೇಕಾದರೂ ಹೋಗಿ ಕೂರಬಹುದು.

ನನಗೆ ಆಸೆ ಹುಟ್ಟಿಸಿದ್ದು ಮಾತ್ರ 2002ರ ಮೊರೋವಿಂಡ್. ಹೋಗಬೇಕಾದ ಜಾಗಕ್ಕೆ ಅದರಲ್ಲಿ ಬಾಣದ ಗುರುತಿಲ್ಲ. ಸೇತುವೆ ದಾಟು, ಉತ್ತರಕ್ಕೆ ತಿರುಗು ಅಂತ ಯಾರೋ ಹೇಳುತ್ತಾರೆ, ಉಳಿದಿದ್ದು ನಮ್ಮ ಪಾಡು. ಸ್ಕೈರಿಮ್‌ನಲ್ಲಾದರೆ ಪರದೆಯ ಮೇಲ್ತುದಿಯ ದಿಕ್ಸೂಚಿ ನೋಡಿಕೊಂಡು ನಡೆದರೆ ಸಾಕು. ದಾರಿ ತಪ್ಪುವ ಮಜಾನೇ ಇಲ್ಲದ ಮೇಲೆ ಅಷ್ಟು ದೊಡ್ಡ ಲೋಕ ಯಾಕೆ, ಅಲ್ವಾ?

ಡೊಂಬಿವಿಲಿ ಲೋಕಲ್ ರೈಲಿನಲ್ಲಿ ಜಜ್ಜಿಹೋಗಿ ಮನೆ ಸೇರಿದವನಿಗೆ ರಾತ್ರಿ ಆ ತಾಳ್ಮೆ ಉಳಿದಿರುತ್ತಾ ಅನ್ನೋದೇ ಅನುಮಾನ. ಭಾನುವಾರ ಹೇಗೂ ಮೆಗಾಬ್ಲಾಕ್, ಹಳಿ ರಿಪೇರಿಗೆ ಅಂತ ರೈಲು ಕಡಿಮೆ, ಎಲ್ಲೂ ಹೋಗುವ ಹಾಗಿಲ್ಲ. ಮೊರೋವಿಂಡ್ ಹಾಕಿಕೊಂಡು ನೋಡುತ್ತೇನೆ. ಅಳಿಯನಿಗೆ ಸದ್ಯಕ್ಕೆ ಹೇಳುವುದಿಲ್ಲ.