ಏಜೆಂಟರ ಕೈಗೆ ಕೊಡುವ ಆ ಪ್ರತಿ

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವುದರ ಜೊತೆಗೆ, ಚುನಾವಣೆ ಬಂದಾಗ ಮತಗಟ್ಟೆ ನಡೆಸುವ ಅಧ್ಯಕ್ಷಾಧಿಕಾರಿಗಳಿಗೆ, ಅಂದರೆ ಪಿಆರ್‌ಒಗಳಿಗೆ ತರಬೇತಿ ಕೊಡುವ ಕೆಲಸವೂ ನನ್ನದು. ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ಬಿತ್ತು ಎಂದು ಬರೆಯುವ 17ಸಿ ನಮೂನೆಯ ವಿಷಯಕ್ಕೆ ಬಂದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸರ್, ಯಂತ್ರ, ಕಾಗದಪತ್ರ ವಾಪಸ್ ಒಪ್ಪಿಸೋ ಡಿಮಸ್ಟರಿಂಗ್‌ಗೆ ಬಸ್ ಕಾಯ್ತಿರುತ್ತೆ. ಎಷ್ಟು ಮತ ಬಿತ್ತು ಅಂತ ಅಭ್ಯರ್ಥಿಗಳ ಪ್ರತಿ ಏಜೆಂಟಿಗೂ ಬರೆದು, ಸಹಿ ಹಾಕಿ ಕೊಡಲೇಬೇಕಾ?"

ಕೊಡಲೇಬೇಕು. ಯಾಕೆ ಅಂತ ಹೇಳಲು ನಾನು ಕೆನ್ಯಾದ ಉದಾಹರಣೆ ತೆಗೆದುಕೊಳ್ಳುತ್ತೇನೆ.

2007ರ ಡಿಸೆಂಬರ್ 27ರಂದು ಅಲ್ಲಿ ಅಧ್ಯಕ್ಷ ಚುನಾವಣೆ ನಡೆಯಿತು. 30ರಂದು, ಆಗ ಅಧ್ಯಕ್ಷರಾಗಿದ್ದ ಮ್ವಾಯಿ ಕಿಬಾಕಿಯವರೇ ಗೆದ್ದರೆಂದು ಘೋಷಿಸಿ, ಸ್ವಲ್ಪ ಹೊತ್ತಿಗೇ ಪ್ರಮಾಣವಚನ ಮುಗಿಸಿಬಿಟ್ಟರು. ಕಿಬಾಕಿ ನಿಜಕ್ಕೂ ಗೆದ್ದರೋ ಇಲ್ಲವೋ ತನಗೆ ಗೊತ್ತಿಲ್ಲ ಎಂದು ಕೆಲವೇ ದಿನಗಳಲ್ಲಿ ಚುನಾವಣಾ ಆಯೋಗದ ಮುಖ್ಯಸ್ಥರೇ ಹೇಳಿದರು! ಸೋತ ರೈಲಾ ಒಡಿಂಗಾ ಕೋರ್ಟಿಗೆ ಹೋಗಲಿಲ್ಲ. ಹೋಗುವುದಾದರೂ ಯಾವ ನಂಬಿಕೆಯ ಮೇಲೆ? 1997ರ ಚುನಾವಣೆಯ ತಕರಾರನ್ನು, ಅರ್ಜಿಯ ಪ್ರತಿಯನ್ನು ಅಧ್ಯಕ್ಷ ಮೋಯಿ ಅವರ ಕೈಗೇ ಮುಟ್ಟಿಸಿಲ್ಲ ಎಂಬ ಕಾರಣಕ್ಕೆ ಕೋರ್ಟು ತಳ್ಳಿಹಾಕಿತ್ತು. ಅಂದು ಅರ್ಜಿ ಹಾಕಿದ್ದವರು ಇದೇ ಕಿಬಾಕಿ. ಜಗಳ ಬೀದಿಗೆ ಬಂತು. 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಎಲ್ಡೊರೆಟ್ ಹತ್ತಿರ ಚರ್ಚಿನಲ್ಲಿ ಅಡಗಿದ್ದ ಹೆಂಗಸರು, ಮಕ್ಕಳನ್ನೂ ಸುಟ್ಟರು. ಇದನ್ನು ಹೇಳುವಾಗ ತರಬೇತಿ ಹಾಲ್ ಮೌನವಾಗುತ್ತದೆ.

ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ 2008ರ ಫೆಬ್ರವರಿಯಲ್ಲಿ ಇಬ್ಬರೂ ಅಧಿಕಾರ ಹಂಚಿಕೊಂಡರು. ಅದರಿಂದ ಬೆಂಕಿ ಆರಿತು, ಅಷ್ಟೇ. ನಿಜವಾದ ಕೆಲಸ ನಡೆದದ್ದು 2010ರ ಹೊಸ ಸಂವಿಧಾನದಲ್ಲಿ. ಫಲಿತಾಂಶ ಬಂದ ಏಳು ದಿನದೊಳಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಬಹುದು, ಕೋರ್ಟು ಹದಿನಾಲ್ಕು ದಿನದಲ್ಲಿ ತೀರ್ಪು ಕೊಡಬೇಕು, ಅಲ್ಲಿಯವರೆಗೆ ಪ್ರಮಾಣವಚನ ಇಲ್ಲ. ಅಧಿಕಾರ ಮತ್ತು ಹಣ 47 ಕೌಂಟಿಗಳಿಗೆ ಹಂಚಿಹೋಯಿತು. ರಾಜಧಾನಿಯಲ್ಲಿ ಸೋತವರಿಗೂ ತಮ್ಮ ಊರಲ್ಲಿ ಅಧಿಕಾರ ಸಿಗುವ ದಾರಿ ಇದು. ನನ್ನ ಮಟ್ಟಿಗೆ ಇದೇ ಜಾಸ್ತಿ ಮುಖ್ಯ, ಆದರೆ ಪಿಆರ್‌ಒಗಳಿಗೆ ಬೇಕಾದದ್ದು ಇದರ ಮುಂದಿನದು.

ಅಲ್ಲಿ ಎಣಿಕೆ ನಡೆಯುವುದು ಮತಗಟ್ಟೆಯಲ್ಲೇ. ಫಲಿತಾಂಶವನ್ನು 34ಎ ಎಂಬ ನಮೂನೆಯಲ್ಲಿ ಬರೆಯುತ್ತಾರೆ, ಏಜೆಂಟರು ಸಹಿ ಹಾಕುತ್ತಾರೆ. ಆ ಲೆಕ್ಕವೇ ಅಂತಿಮ, ಮೇಲಿನವರು ತಿದ್ದುವಂತಿಲ್ಲ ಎಂದು 2017ರಲ್ಲಿ ಕೋರ್ಟು ಹೇಳಿತು. ಅದೇ ವರ್ಷ, ಈ ನಮೂನೆಗಳೆಲ್ಲ ಕೈಸೇರುವ ಮೊದಲೇ ಅಧ್ಯಕ್ಷರ ಗೆಲುವು ಘೋಷಿಸಿದ್ದೂ ಸೇರಿದಂತೆ ಹಲವು ಲೋಪಗಳಿಗಾಗಿ ಸುಪ್ರೀಂ ಕೋರ್ಟು ಇಡೀ ಅಧ್ಯಕ್ಷ ಚುನಾವಣೆಯನ್ನೇ ರದ್ದು ಮಾಡಿತು. ಆಗಲೂ ಸಾವುಗಳಾದವು, ಆದರೆ 2007ರ ಹಾಗೆ ದೇಶ ಹೊತ್ತಿ ಉರಿಯಲಿಲ್ಲ. 2022ರ ಅಧ್ಯಕ್ಷ ಚುನಾವಣೆಯಲ್ಲಿ 46,000ಕ್ಕೂ ಹೆಚ್ಚು ಮತಗಟ್ಟೆಗಳ 34ಎ ಚಿತ್ರಗಳನ್ನು ಎಲ್ಲರೂ ನೋಡುವಂತೆ ಇಂಟರ್ನೆಟ್‌ಗೆ ಹಾಕಿದರು. ಗೆದ್ದ ವಿಲಿಯಂ ರೂಟೋಗೂ ಸೋತ ಒಡಿಂಗಾಗೂ ಅಂತರ ಸುಮಾರು 2.33 ಲಕ್ಷ ಮತ ಮಾತ್ರ. ಆಯೋಗದ ಏಳು ಸದಸ್ಯರಲ್ಲಿ ನಾಲ್ವರು ಫಲಿತಾಂಶ ಒಪ್ಪದೆ ಹೊರನಡೆದರು. ಆದರೂ ಯಾರು ಬೇಕಾದರೂ ಕೂಡಿ ನೋಡಬಹುದಾದ ಲೆಕ್ಕ ಮುಂದಿತ್ತು. ಒಡಿಂಗಾ ಈ ಸಲ ಕೋರ್ಟಿಗೇ ಹೋದರು. ಕೋರ್ಟು ರೂಟೋ ಗೆಲುವನ್ನು ಎತ್ತಿಹಿಡಿಯಿತು.

ನಮ್ಮ 17ಸಿಯಲ್ಲಿ ಏಜೆಂಟರಿಗೆ ಸಿಗುವುದು ಒಟ್ಟು ಮತಗಳ ಲೆಕ್ಕ ಮಾತ್ರ, ಯಾರಿಗೆಷ್ಟು ಅನ್ನುವುದಲ್ಲ. ಆದರೆ ಎಣಿಕೆ ದಿನ ಯಂತ್ರದ ಲೆಕ್ಕಕ್ಕೆ ತಾಳೆ ನೋಡಲು ಅವರ ಕೈಯಲ್ಲಿರುವುದು ಅದೊಂದೇ, ಅಲ್ವಾ? ಅದಕ್ಕೇ ಕಾರ್ಬನ್ ಹಾಳೆ, ಹೆಚ್ಚಿನ ನಮೂನೆಗಳನ್ನು ಸಾಮಗ್ರಿ ಪಡೆಯುವ ಮಸ್ಟರಿಂಗ್ ದಿನವೇ ಎಣಿಸಿಕೊಳ್ಳಿ, ಮತದಾನ ಮುಗಿಯುವ ಮೊದಲೇ ತಲೆಬರಹ ತುಂಬಿಸಿಡಿ ಎಂದು ಹೇಳುತ್ತೇನೆ. ಆಗ ಕೊನೆಗೆ ಅಂಕಿ ಮತ್ತು ಸಹಿ ಮಾತ್ರ ಬಾಕಿ ಇರುತ್ತದೆ. ಬಸ್ಸಿಗೂ ತಡವಾಗುವುದಿಲ್ಲ.