ಅಮ್ಮಿ ನೆಮ್ಮದಿಯಾಗಿ ಉಣ್ಣೋ ಹಾಗೆ, ಕುದುರೆಮುಖದಲ್ಲಿ ಒಂದು ವಾರ

ದಸರಾ ಬಂದರೆ ಊರೂರಿನವರು ಮೈಸೂರಿಗೆ ಬರುತ್ತಾರೆ. ನಾವು ಈ ಸಲ ಅದೇ ರಜೆಯಲ್ಲಿ ಮೈಸೂರು ಬಿಡುತ್ತಿದ್ದೇವೆ. ಅಬ್ಬ (ನನ್ನ ಅಪ್ಪ), ಅಮ್ಮಿ (ಅಮ್ಮ), ನಮ್ಮವರು, ಇಬ್ಬರು ಮಕ್ಕಳು, ನನ್ನ ತಮ್ಮ, ನಾನು. ತಮ್ಮನ ಗಾಡಿಯಲ್ಲಿ ಏಳೇ ಸೀಟು, ಸರಿಹೋಯಿತು. ಒಂದು ವಾರ ಕುದುರೆಮುಖ.

ಬಂಡೀಪುರ, ನಾಗರಹೊಳೆ ನಮಗೆ ಹತ್ತಿರ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಆದರೂ 250 ಕಿ.ಮೀ. ದೂರದ ಕುದುರೆಮುಖವೇ ಯಾಕೆ ಅಂದರೆ, ಅದು ಅಬ್ಬನ ಆಸೆ. 1982ರಿಂದ ಎರಡು ವರ್ಷ ಅವರು ಅಲ್ಲಿ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ವೆಲ್ಡಿಂಗ್ ಕೆಲಸ ಮಾಡಿದ್ದರು. ಅಲ್ಲಿಯ ಗಣಿಯಲ್ಲಿ ತೆಗೆದ ಕಬ್ಬಿಣದ ಅದಿರನ್ನು ನುಣ್ಣಗೆ ಅರೆದು, ನೀರಲ್ಲಿ ಕಲಸಿ, 67 ಕಿ.ಮೀ. ಉದ್ದದ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದ ಕಾಲ. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನ ಆಯಿತು. 2002ರಲ್ಲಿ, ಗಣಿಗಾರಿಕೆ ನಿಲ್ಲಿಸಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತೇ ಹೋಯಿತು. ಮಳೆಗಾಲದಲ್ಲಿ ಗಣಿಯ ಮಣ್ಣು ಸೇರಿ ಭದ್ರಾ ನದಿ ಕೆಂಪಗೆ ಹರಿಯುತ್ತಿತ್ತು ಅಂತ ಅಬ್ಬ ಈಗಲೂ ಹೇಳುತ್ತಾರೆ. “ಆ ನೀರು ತಿಳಿಯಾಗಿರೋದನ್ನ ಒಂದ್ಸಲ ನೋಡ್ಬೇಕು” ಅನ್ನುತ್ತಾರೆ. ಅವರಿಗೆ ಈಗ ಅರವತ್ತೆಂಟು. ಮುಂದೂಡಬಾರದು ಅನ್ನಿಸಿತು.

ಆದರೆ ಹೊರಡುವ ಮಾತು ಬಂದಾಗಲೆಲ್ಲ ಅಮ್ಮಿ ಸುಮ್ಮನಾಗುತ್ತಿದ್ದರು. ಯಾಕೆ ಅಂತ ನನಗೆ ಗೊತ್ತು.

ಎರಡು ವರ್ಷದ ಹಿಂದೆ ಬೇರೊಂದು ಕಾಡಿನ ಪಕ್ಕ ಉಳಿದುಕೊಂಡಿದ್ದೆವು. ಜಾಗದ ಹೆಸರು ಬೇಡ. ಬುಕ್ ಮಾಡುವಾಗ ಫೋನಿನಲ್ಲಿ “ಹಲಾಲ್ ಸಿಗುತ್ತಾ?” ಅಂತ, ಅಂದರೆ ನಮ್ಮ ಧರ್ಮದ ವಿಧಿಯಂತೆ ಕೊಯ್ದ ಮಾಂಸ ಸಿಗುತ್ತಾ ಅಂತ, ಕೇಳಿದ್ದೆ. “ಸಿಗುತ್ತೆ ಮೇಡಂ, ಏನೂ ತೊಂದರೆ ಇಲ್ಲ” ಅಂದಿದ್ದರು. ರಾತ್ರಿ ಊಟಕ್ಕೆ ಕೂತಾಗ ಅಬ್ಬ ಬಡಿಸುವ ಹುಡುಗನನ್ನು ಮೆಲ್ಲಗೆ ವಿಚಾರಿಸಿದರು, ಕೋಳಿ ಎಲ್ಲಿಂದ ತರ್ತೀರಪ್ಪ ಅಂತ. ಪಾಪ, ಅವನು ನಿಜ ಹೇಳಿದ. “ಗೊತ್ತಿಲ್ಲ ಸಾರ್, ಫ್ರೀಜರ್‌ನಿಂದ ತೆಗೆದು ಮಾಡ್ತೀವಿ.” ಅಮ್ಮಿ ಚಪಾತಿ ಮುರಿದು ಸಾರಿಗೆ ಅದ್ದುವುದರಲ್ಲಿದ್ದರು. ಆ ತುಂಡನ್ನು ತಟ್ಟೆಯ ಅಂಚಿಗೆ ಇಟ್ಟು, “ನಂಗೆ ಅಷ್ಟೇನೂ ಹಸಿವಿಲ್ಲ” ಅಂದರು. ಮೂರು ದಿನ ಮೊಸರನ್ನ, ಬಾಳೆಹಣ್ಣಿನಲ್ಲೇ ಕಳೆದರು. ಪಕ್ಕದ ಮೇಜಿನಲ್ಲಿ ಕುಡಿತ ಶುರುವಾದ ಮೇಲೆ ಅಬ್ಬ ತಟ್ಟೆ ಹಿಡಿದುಕೊಂಡು ರೂಮಿಗೆ ಹೋದರು. ಮಂಚದ ಮೇಲೆ ತಟ್ಟೆ ಇಟ್ಟುಕೊಂಡು ಅವರು ಉಣ್ಣುವುದನ್ನು ನೋಡಿ ನನಗೆ ಅಳು ಬಂತು. ದುಡ್ಡು ಕೊಟ್ಟು ಹೋದ ಜಾಗದಲ್ಲಿ ಹಿರಿಯರು ಹೀಗೆ ಮುದುಡಿ ಕೂರಬಾರದು.

ತಪ್ಪು ನನ್ನ ಪ್ರಶ್ನೆಯಲ್ಲೂ ಇತ್ತು. “ಹಲಾಲ್ ಸಿಗುತ್ತಾ” ಅಂದರೆ ಎಲ್ಲರೂ “ಹೂಂ” ಅನ್ನುತ್ತಾರೆ. ಕೆಲವರಿಗೆ ಆ ಮಾತಿನ ಅರ್ಥವೇ ಸರಿಯಾಗಿ ಗೊತ್ತಿರುವುದಿಲ್ಲ. ಅದಕ್ಕೆ ಈ ಸಲ ಆ ಪದವನ್ನೇ ಬಿಟ್ಟು ಬಿಡಿಬಿಡಿಯಾಗಿ ಕೇಳಿದೆ. ಮಾಂಸ ಯಾವ ಅಂಗಡಿಯಿಂದ ಬರುತ್ತೆ, ಅಂಗಡಿಯವರ ನಂಬರ್ ಕೊಡ್ತೀರಾ? ಹಂದಿ ಮಾಡ್ತೀರಾ? ತರಕಾರಿ ಕರಿಯೋ ಎಣ್ಣೆ ಬೇರೆನಾ? ನಾವಿದ್ದಾಗ ಬೇರೆ ಅತಿಥಿಗಳು ಇರ್ತಾರಾ, ಅವರು ಕುಡೀತಾರಾ? ನಾಲ್ಕು ಹೋಂಸ್ಟೇಗೆ ಫೋನ್ ಮಾಡಿದೆ. ಇಬ್ಬರು ಪ್ರಾಮಾಣಿಕವಾಗಿ “ನಮ್ಮಲ್ಲಿ ಆಗಲ್ಲ” ಅಂದರು. ಅವರ ಮೇಲೆ ನನಗೆ ಗೌರವವೇ ಜಾಸ್ತಿಯಾಯಿತು. ಒಬ್ಬರು ಮತ್ತೆ ಅದೇ “ಏನೂ ತೊಂದರೆ ಇಲ್ಲ” ಅಂದರು. ಫೋನ್ ಇಟ್ಟೆ.

ನಾಲ್ಕನೆಯದು ಸಂಸೆಯ ಹತ್ತಿರದ ಒಂದು ತೋಟದ ಮನೆ. ಮನೆಯವರು ಜೈನರು. ಕಳಸ, ಸಂಸೆ ಕಡೆ ಹಳೆಯ ಜೈನ ಮನೆತನಗಳಿವೆ, ಬಸದಿಗಳಿವೆ. ಆ ಅಕ್ಕ ನನ್ನ ಪ್ರಶ್ನೆಗಳನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ನಿಮ್ಮ ಕಷ್ಟ ನಂಗೆ ಗೊತ್ತಮ್ಮ. ನಾವೂ ಹೊರಗಡೆ ಹೋದ್ರೆ ಹೀಗೇ ಒಂದೊಂದೂ ಕೇಳ್ಬೇಕು. ಮೊಟ್ಟೆ ಮುಟ್ಟಿದ ಸೌಟಾ, ಈರುಳ್ಳಿ ಹಾಕಿದೀರಾ ಅಂತ. ಕೇಳಿದ್ರೆ ಮುಖ ನೋಡ್ತಾರೆ” ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಇಷ್ಟು ವರ್ಷ ಈ ಸಂಕೋಚ ನಮ್ಮದು ಮಾತ್ರ ಅಂದುಕೊಂಡಿದ್ದೆ.

ಅವರ ಅಡುಗೆಮನೆಗೆ ಮಾಂಸ, ಮೊಟ್ಟೆ ಬರುವುದೇ ಇಲ್ಲ. ಮನೆಯಲ್ಲಿ ಕುಡಿಯಲು ಬಿಡುವುದಿಲ್ಲ. ಒಂದು ಸಲಕ್ಕೆ ಒಂದೇ ಕುಟುಂಬ. ಅಕ್ಕಿ ರೊಟ್ಟಿ, ಕಡುಬು, ನೀರುದೋಸೆ, ಬಾಳೆಕಾಯಿ ಪಲ್ಯ, ತಂಬುಳಿ, ಹಲಸಿನ ಹಪ್ಪಳ. ಅಮ್ಮಿ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ, ಬಡಿಸಿದ್ದನ್ನು ಉಣ್ಣಬಹುದು. ಮೊದಲು ನಾನು ಮನೆಯಿಂದ ಉಪ್ಪುಕಂಡ, ಹುರಿದ ಖೀಮಾ ಕಟ್ಟಿಕೊಂಡು ಹೋಗುವ ಲೆಕ್ಕ ಹಾಕಿದ್ದೆ. ಈ ಮಾತಾದ ಮೇಲೆ ಅದನ್ನು ಕೈಬಿಟ್ಟೆ. ಅವರ ಮನೆಗೆ ನಮ್ಮ ಮಾಂಸದ ಡಬ್ಬಿ ಹೊತ್ತುಕೊಂಡು ಹೋಗುವುದು ಸರಿಯಲ್ಲ ಅಲ್ವಾ? “ಆರು ದಿನ ಬಾಡಿಲ್ದೆ ಇದ್ರೆ ಯಾರೂ ಸೊರಗಲ್ಲ” ಅಂದರು ಅಬ್ಬ. ಹೋಗುವ ದಿನ ದಾರಿಗೆ ಕುಷ್ಕಾ, ಮಟನ್ ಚಾಪ್ಸ್ ಕಟ್ಟಿಕೊಳ್ಳುತ್ತೇವೆ. ಹಾಸನ ದಾಟಿ ಬೇಲೂರಿಗೆ ಮುಂಚೆ ತಿಂದು, ಪಾತ್ರೆ ತೊಳೆದು ಮುಂದೆ ಹೋಗುವುದು.

ಒಂದು ವಿಷಯ ನಮ್ಮವರಿಗೆಲ್ಲ ಹೇಳಬೇಕು. ಪಿಕ್ನಿಕ್ ಅಂದರೆ ನಮ್ಮಲ್ಲಿ ಒಲೆ ಹೂಡಿ ಅಲ್ಲೇ ಬೇಯಿಸುವುದು ಅಂತ ಲೆಕ್ಕ. ಕೆರೆ ಪಕ್ಕ, ತೋಪಿನಲ್ಲಿ ಸರಿ. ಕುದುರೆಮುಖದ ಕಾಡಿನೊಳಗೆ ಬೇಡವೇ ಬೇಡ. ಅಲ್ಲಿಯ ಗುಡ್ಡಗಳ ಮೇಲೆ ಬರೀ ಹುಲ್ಲು, ಇಳಿಜಾರಿನ ಸಂದಿಗಳಲ್ಲಿ ಮಾತ್ರ ಶೋಲಾ ಅನ್ನುವ ಗಿಡ್ಡ ಮರಗಳ ದಟ್ಟ ಕಾಡು. ಒಣಗಿದ ಕಾಲದಲ್ಲಿ ಒಂದು ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಸಿಂಗಳೀಕಗಳಿರುವ ಕಾಡು ಅದು. ಬಿರಿಯಾನಿ ಚೆಲ್ಲಿ, ಮೂಳೆ ಎಸೆದು ಬರುವ ಜಾಗ ಅಲ್ಲ. ಖರ್ಜೂರ, ಹುರಿಗಾಳು, ನಿಪ್ಪಟ್ಟು ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡರೆ ಧಾರಾಳ.

ಇನ್ನು ನಮಾಜ್. ಪ್ರಯಾಣದಲ್ಲಿ ಅದು ಕಷ್ಟ ಅಂತ ಹಲವರು ಹೇಳುತ್ತಾರೆ. ನಿಜಕ್ಕೂ ಪ್ರಯಾಣಿಕರಿಗೆ ಅದು ಹಗುರ. ನಾವು ಹನಫಿಗಳು, ಇಸ್ಲಾಮಿನ ಒಂದು ಪಂಥದ ನಿಯಮ ಪಾಲಿಸುವವರು. ಸುಮಾರು 78 ಕಿ.ಮೀ. ದಾಟಿ ಹೋಗುತ್ತೇವೆ, ಹದಿನೈದು ದಿನಕ್ಕಿಂತ ಕಡಿಮೆ ಇರುತ್ತೇವೆ, ಪ್ರಯಾಣಿಕರು ಅನ್ನಿಸಿಕೊಳ್ಳಲು ನಮ್ಮಲ್ಲಿ ಅಷ್ಟು ಸಾಕು. ಹಾಗಾಗಿ ಮಧ್ಯಾಹ್ನದ ಜುಹರ್, ಇಳಿಹೊತ್ತಿನ ಅಸರ್, ರಾತ್ರಿಯ ಇಶಾ ನಮಾಜ್ ನಾಲ್ಕರ ಬದಲು ಎರಡೇ ರಕಅತ್ (ನಮಾಜಿನ ಒಂದು ಸುತ್ತು). ಅದು ಅಲ್ಲಾಹ್ ಕೊಟ್ಟ ಉಡುಗೊರೆ, ಬೇಡ ಅನ್ನಬಾರದು ಅಂತ ಅಬ್ಬ ಪ್ರತಿ ಪ್ರಯಾಣದಲ್ಲೂ ಹೇಳುತ್ತಾರೆ. ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಫೋನಿನ ಅಜಾನ್ ನಂಬಿಕೊಳ್ಳುವ ಹಾಗಿಲ್ಲ. ನಮ್ಮ ಮಸೀದಿಯ ವೇಳಾಪಟ್ಟಿಯನ್ನೇ ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಕುದುರೆಮುಖ ಮೈಸೂರಿಗಿಂತ ಪಶ್ಚಿಮಕ್ಕಿದೆ, ಅಲ್ಲಿ ಸೂರ್ಯ ನಮಗಿಂತ ಸುಮಾರು ಐದು ನಿಮಿಷ ತಡ. ಅಷ್ಟು ಹೊತ್ತು ಕಾದು ನಿಂತರಾಯಿತು. ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಇಲ್ಲಿಯ ಹಾಗೇ, ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ. ಅಂದರೆ ಘಟ್ಟ ಇಳಿದು ಕಡಲಿರುವ ಕಡೆ.

ತಲೆ ಕೆಡಿಸಿದ್ದು ಜಿಗಣೆ. ಅಲ್ಲಿಯವರು ಇಂಬಳ ಅನ್ನುತ್ತಾರೆ. ಅಕ್ಟೋಬರ್‌ನಲ್ಲಿ ಹುಲ್ಲು ಇನ್ನೂ ಹಸಿಯಾಗಿರುತ್ತೆ, ಅವು ಇದ್ದೇ ಇರುತ್ತವೆ. ರಕ್ತ ಹರಿಯುವಷ್ಟು ಹೀರಿದರೆ ನಮ್ಮ ಹನಫಿ ನಿಯಮದ ಪ್ರಕಾರ ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಪಡೆದ ಶುದ್ಧಿ, ಮುರಿಯುತ್ತೆ. ಕರಾವಳಿ ಕಡೆಯ ಶಾಫಿ ಪಂಥದವರಿಗೆ ಹಾಗಿಲ್ಲ. ಇದಕ್ಕೆ ಅಬ್ಬನೇ ದಾರಿ ಹುಡುಕಿದರು. ಬೀರುವಿನ ತಳದಿಂದ ಚರ್ಮದ ಕಾಲುಚೀಲ ತೆಗೆದು, ಎರಡು ದಿನ ಬಿಸಿಲಿಗೆ ಇಟ್ಟು, ಎಣ್ಣೆ ಸವರಿದ್ದಾರೆ. ವುಜೂ ಮಾಡಿ ಹಾಕಿಕೊಂಡರೆ ಪ್ರಯಾಣಿಕರು ಮೂರು ಹಗಲು ಮೂರು ರಾತ್ರಿ ಕಾಲು ತೊಳೆಯುವ ಬದಲು ಅದರ ಮೇಲೇ ಒದ್ದೆ ಕೈ ಸವರಬಹುದು, ಅದಕ್ಕೆ ಮಸಹ್ ಅನ್ನುತ್ತೇವೆ. ಇಂಬಳಕ್ಕೂ ತಡೆ, ಬೆಳಗಿನ ತಣ್ಣೀರಿಗೂ ತಡೆ. ತಣ್ಣೀರಿನ ಚಿಂತೆ ಬೇಡ ಅಂತ ಅಕ್ಕ ಹೇಳಿದ್ದಾರೆ, ಬಚ್ಚಲ ಹಂಡೆಗೆ ಅವರು ಐದು ಗಂಟೆಗೇ ಬೆಂಕಿ ಹಾಕುತ್ತಾರಂತೆ.

ಊಟದ ಹೊತ್ತೂ ನಮ್ಮ ಹೊತ್ತಿಗೆ ಹೊಂದಿಕೊಂಡಿತು. ಸೂರ್ಯ ಮುಳುಗುವ ಮುಂಚೆ ಅವರ ಮನೆಯಲ್ಲಿ ಊಟ ಮುಗಿಯುತ್ತೆ. ನಾವೂ ಅವರ ಜೊತೆ ಉಂಡು ಎದ್ದರೆ ಸಂಜೆಯ ಮಗ್ರಿಬ್ ನಮಾಜಿನ ಹೊತ್ತು. ಆಮೇಲೆ ಇಶಾ, ಆಮೇಲೆ ನಿದ್ದೆ. ಮಕ್ಕಳಿಗೆ ರಾತ್ರಿ ಹಸಿವಾದರೆ ಡಬ್ಬಿಯಲ್ಲಿ ಅವಲಕ್ಕಿ ಇಟ್ಟಿರುತ್ತಾರಂತೆ.

ಶನಿವಾರ ಬೆಳಗಿನ ಫಜರ್ ನಮಾಜ್ ಮುಗಿಸಿ ಹೊರಡುತ್ತೇವೆ. ಹೊಳೆನರಸೀಪುರ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಮುಂದಿನ ಶುಕ್ರವಾರ ಬೆಳಿಗ್ಗೆ ಬೇಗ ಬಿಟ್ಟರೆ ಹಾಸನದಲ್ಲಿ ಜುಮಾ (ಶುಕ್ರವಾರದ ಸಾಮೂಹಿಕ ನಮಾಜ್) ಸಿಗುತ್ತೆ. ಪ್ರಯಾಣಿಕರಿಗೆ ಜುಮಾ ಕಡ್ಡಾಯ ಅಲ್ಲ, ಆದರೆ ಅಬ್ಬ ತಪ್ಪಿಸಿಕೊಂಡವರಲ್ಲ. ಆರು ರಾತ್ರಿಯೂ ಒಂದೇ ಮನೆ. ದಿನಕ್ಕೊಂದು ಊರು ಸುತ್ತಿ ಪೆಟ್ಟಿಗೆ ಬಿಚ್ಚುವುದು, ಕಟ್ಟುವುದು ಬೇಡ. ಭಾನುವಾರ ಏನೂ ಇಲ್ಲ. ಘಟ್ಟದ ತಿರುವುಗಳಿಂದ ಅಮ್ಮಿಗೆ ತಲೆ ಸುತ್ತುತ್ತೆ, ಅವರು ಸುಧಾರಿಸಿಕೊಳ್ಳಲಿ. ಕುದುರೆಮುಖ ಶಿಖರದ ಚಾರಣ ಸುಮಾರು 20 ಕಿ.ಮೀ., ಅದು ತಮ್ಮನಿಗೆ ಮಾತ್ರ. ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕ್ ಮಾಡಿದ್ದಾನೆ. ಹನುಮನಗುಂಡಿ ಜಲಪಾತಕ್ಕೆ ವಾರದ ಮಧ್ಯೆ ಬೆಳಿಗ್ಗೆಯೇ ಹೋದರೆ ಜನ ಕಡಿಮೆ. ಮೆಟ್ಟಿಲು ಬಹಳ, ಹಿರಿಯರು ಮೇಲೇ ಕೂರಲಿ. ಉಳಿದ ದಿನ ತೋಟದ ಕೆಳಗೆ ಹಳ್ಳ ಇದೆಯಂತೆ, ಹೊರಗಿನವರು ಬರುವ ಜಾಗ ಅಲ್ಲ. ನಾನೂ ಅಮ್ಮಿಯೂ ಕಾಲು ಇಳಿಬಿಟ್ಟು ಕೂರಬೇಕು.

ಸೋಮವಾರ ಮಾತ್ರ ಅಬ್ಬನ ದಿನ. ಹಳೆಯ ಟೌನ್‌ಶಿಪ್ ರಸ್ತೆಯಲ್ಲಿ ಅವರು ನಿಲ್ಲಿಸು ಅಂದ ಕಡೆ ಗಾಡಿ ನಿಲ್ಲಿಸುವುದು, ಎಷ್ಟು ಹೊತ್ತು ನಿಲ್ಲುತ್ತಾರೋ ಅಷ್ಟು ಹೊತ್ತು ನಿಲ್ಲುವುದು. ಜೊತೆಗೆ ಕೆಲಸ ಮಾಡಿದವರ ಹೆಸರುಗಳನ್ನು ಈಗಿನಿಂದಲೇ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದಾರೆ. ಕಾಡು ಉಳಿದದ್ದು ಅವರಿಗೆ ಖುಷಿಯೇ. ಆದರೆ ಗಣಿ ಮುಚ್ಚಿದಾಗ ಮನೆ ಖಾಲಿ ಮಾಡಿ ಹೋದವರ ಮಾತು ಬಂದರೆ ದನಿ ಇಳಿಯುತ್ತೆ.

ಮೊನ್ನೆ ರಾತ್ರಿ ಅಕ್ಕ ತಾವಾಗಿಯೇ ಫೋನ್ ಮಾಡಿದರು. “ನಿಮ್ಮ ಪ್ರಾರ್ಥನೆ ಯಾವ ದಿಕ್ಕಿಗೆ ಮಾಡ್ತೀರಿ?” ಅಂತ ಕೇಳಿದರು. ಪಶ್ಚಿಮಕ್ಕೆ ಅಂದೆ. “ಆ ಕಡೆ ಜಗಲಿ ಇದೆ. ಮಳೆಗಾಲದ ಇರಚಲು ಹೊಡೆಯುತ್ತೆ ಅಂತ ಅಡಿಕೆ ಸೋಗೆ ತಟ್ಟಿ ಕಟ್ಟಿ ಮುಚ್ಚಿದ್ದೀವಿ. ದೀಪಾವಳಿ ಹೊತ್ತಿಗೆ ಬಿಚ್ಚೋದು ರೂಢಿ. ಈ ಸಲ ನೀವು ಬರೋ ಮುಂಚೆನೇ ಬಿಚ್ಚಿಸ್ತೀನಿ, ಗುಡ್ಡ ಕಾಣುತ್ತೆ” ಅಂದರು. ಫೋನ್ ಸ್ಪೀಕರ್‌ನಲ್ಲಿತ್ತು. ಅಮ್ಮಿ ಎದ್ದು ಹೋಗಿ, ಪೆಟ್ಟಿಗೆಗೆ ಹಾಕಲು ನಮಾಜಿಗೆ ಹಾಸುವ ಜಾನಮಾಜ್ ಮಡಿಸತೊಡಗಿದರು.